ಹೆಂಚಿನ ಬಣ್ಣದ ಗೋಡೆ: ಶೇಡ್ ಕಾರ್ಡ್‌ನಿಂದ ಕೊನೆಯ ಕೋಟ್‌ವರೆಗೆ ಸಮಗ್ರ ಮಾರ್ಗದರ್ಶಿ

ಹೆಂಚಿನ ಬಣ್ಣ, ಮಡಕೆ ಬಣ್ಣ, ಅಂಗಡಿಯವರ ಮಾತಿನಲ್ಲಿ ಟೆರಾಕೋಟಾ: ಹೆಸರು ಯಾವುದೇ ಇರಲಿ, ಈ ಬೆಚ್ಚಗಿನ ಮಣ್ಣಿನ ಬಣ್ಣವನ್ನು ಗೋಡೆಗೆ ಹೊಡೆಸಿ ಪೇಚಿಗೆ ಸಿಲುಕಿದವರ ದೂರು ಮೂರೇ ಬಗೆಯದು. ಒಂದು, ಗೋಡೆ ಗುಲಾಬಿಯಾಯಿತು. ಎರಡು, ಕಿತ್ತಳೆಯಾಗಿ ಕಣ್ಣಿಗೆ ಹೊಡೆಯುತ್ತಿದೆ. ಮೂರು, ಹಗಲು ಚೆನ್ನಾಗಿಯೇ ಇರುತ್ತದೆ, ರಾತ್ರಿ ದೀಪ ಹಾಕಿದ ಕೂಡಲೇ ಕಳೆಗುಂದಿದ ಕಂದಾಗುತ್ತದೆ. ಮೂರಕ್ಕೂ ಕಾರಣ ಬಹುಮಟ್ಟಿಗೆ ಒಂದೇ: ಬಣ್ಣವನ್ನು ಮೊದಲು ಆರಿಸಿ, ದೀಪ, ನೆಲ, ಕಿಟಕಿ, ಗೋಡೆಯ ತೇವ ಇವುಗಳ ಬಗ್ಗೆ ಆಮೇಲೆ ಯೋಚಿಸುವುದು. ಬಿಳಿ, ಕೆನೆ, ತಿಳಿ ಬೂದು ಬಣ್ಣಗಳು ಈ ಹಿಂದುಮುಂದನ್ನು ಹೇಗೋ ಸಹಿಸಿಕೊಳ್ಳುತ್ತವೆ, ಮಣ್ಣಿನ ಬಣ್ಣ ಸಹಿಸುವುದಿಲ್ಲ. ಆದ್ದರಿಂದ ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲೇ ಮಾಡಬೇಕು, ಮಾದರಿಯ ಚಿಕ್ಕ ಡಬ್ಬ ಬಿಟ್ಟರೆ, ಗೋಡೆಯ ಬಣ್ಣದ ಡಬ್ಬ ಆರನೆಯ ಹಂತಕ್ಕಿಂತ ಮೊದಲು ಮನೆಯೊಳಗೆ ಬರಬಾರದು.

ಮೊದಲೇ ಕೂಡಿಸಿಟ್ಟುಕೊಳ್ಳಬೇಕಾದವು

ಒಂದು ತುಂಡು ಹೆಂಚು ಅಥವಾ ಮಡಕೆಯ ಚೂರು, ಎರಡು ಅಡಿ ಉದ್ದಗಲದ ಎರಡು ಹಾರ್ಡ್‌ಬೋರ್ಡ್ ಅಥವಾ ದಪ್ಪ ರಟ್ಟಿನ ಹಲಗೆ, ಟಾರ್ಚ್, ಪಾರದರ್ಶಕ ಪ್ಲಾಸ್ಟಿಕ್ ಹಾಳೆ, 120 ಮತ್ತು 220 ನಂಬರಿನ ಉಪ್ಪುಕಾಗದ, ಮಾಸ್ಕಿಂಗ್ ಟೇಪ್, ಎರಡೂವರೆ ಇಂಚಿನ ಬ್ರಷ್, ಚಿಕ್ಕ ರೋಮದ ರೋಲರ್, ನೀರು ಅಳೆಯಲು ಗೆರೆ ಇರುವ ಲೋಟ, ಎಲ್ಲ ಬಣ್ಣವನ್ನೂ ಒಟ್ಟಿಗೆ ಕಲಸುವಷ್ಟು ದೊಡ್ಡ ಬಕೆಟ್. ಉಜ್ಜುವಾಗ ಮೂಗಿಗೆ ಮಾಸ್ಕ್ ಬೇಕು. ಸುಣ್ಣದ ಕೆಲಸವಾದರೆ ರಬ್ಬರ್ ಕೈಗವಸು ಮತ್ತು ಕಣ್ಣಿನ ರಕ್ಷಣೆಗೆ ಕನ್ನಡಕ ಕಡ್ಡಾಯ.

ಹಂತ 1: ಯಾವ ಮಣ್ಣು ಎಂದು ನಿರ್ಧರಿಸಿ

‘ಟೆರಾಕೋಟಾ’ ಎಂಬ ಹೆಸರಿನಿಂದ ಏನೂ ನಿರ್ಧಾರವಾಗುವುದಿಲ್ಲ. ಪರದೆಯ ಮೇಲೆ ಈ ಹೆಸರಿನಲ್ಲಿ ಸಾಮಾನ್ಯವಾಗಿ ಸಿಗುವ ಬಣ್ಣದ ಆರ್‌ಜಿಬಿ ಅಂಕಿ (0ಯಿಂದ 255ರವರೆಗಿನ ಅಳತೆಯಲ್ಲಿ ಕೆಂಪು, ಹಸಿರು, ನೀಲಿಯ ಪ್ರಮಾಣ) 226, 114, 91. ಅದರ ಹತ್ತಿರದ ನೆಂಟನೆಂದು ಎಲ್ಲರೂ ಭಾವಿಸುವ ‘ಸಿಯೆನಾ’ದ ಅಂಕಿ 160, 82, 45. ಲೆಕ್ಕ ಹಾಕಿದರೆ ಮೊದಲನೆಯದು ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 29 ಪಾಲನ್ನು ಹಿಂದಿರುಗಿಸುತ್ತದೆ, ಎರಡನೆಯದು ಸುಮಾರು 14 ಪಾಲನ್ನು ಮಾತ್ರ. ಹೆಸರನ್ನು ಫೋನಿನಲ್ಲಿ ಹೇಳಿ ಬಣ್ಣ ತರಿಸುವವರು ಈ ಎರಡರ ನಡುವೆ ಎಲ್ಲಿ ಬೇಕಾದರೂ ಹೋಗಿ ಬೀಳಬಹುದು. ಅದಕ್ಕೆಂದೇ ಹೆಂಚಿನ ತುಂಡು ಕೈಯಲ್ಲಿರಬೇಕೆಂದು ಹೇಳಿದ್ದು.

ಆ ತುಂಡನ್ನು ಬಿಳಿ ಹಾಳೆಯ ಮೇಲಿಟ್ಟು, ಕಿಟಕಿಯ ಬಳಿ ಎರಡು ನಿಮಿಷ ನೋಡಿ. ಅದು ಶುದ್ಧ ಕೆಂಪೂ ಅಲ್ಲ, ಕಿತ್ತಳೆಯೂ ಅಲ್ಲ. ಜೇಡಿಮಣ್ಣಿನಲ್ಲಿರುವ ಕಬ್ಬಿಣದ ಅಂಶ ಗೂಡಿನಲ್ಲಿ ಗಾಳಿಯಾಡುತ್ತ ಸುಟ್ಟಾಗ ಕೆಂಪು ಆಕ್ಸೈಡ್ ಆಗುತ್ತದೆ. ಆ ಕೆಂಪಿನ ಜೊತೆಗೆ ಮಣ್ಣಿನ ಹಳದಿ, ಬೂದಿಯ ಛಾಯೆ, ಅಲ್ಲಲ್ಲಿ ಕಪ್ಪು ಚುಕ್ಕೆ, ಅಂಚಿನಲ್ಲಿ ತುಸು ನಸುಗೆಂಪು ಎಲ್ಲ ಸೇರಿರುತ್ತವೆ. ಇದನ್ನು ಬಣ್ಣದ ಭಾಷೆಗೆ ತಿರುಗಿಸಿದರೆ ಸೂತ್ರ ಹೀಗಾಗುತ್ತದೆ: ಕೆಂಪು ಆಕ್ಸೈಡ್ ಆಧಾರ, ಹಳದಿ ಆಕ್ಸೈಡ್ ಅದರ ಸಂಗಾತಿ, ಬಿಳಿ ಹಗುರಮಾಡಲು, ಕಂದು ಅಥವಾ ಬೂದು ಹದಮಾಡಲು.

ಮೊದಲೆರಡು ದೂರುಗಳು ಹೆಚ್ಚಾಗಿ ಇಲ್ಲೇ ಹುಟ್ಟುತ್ತವೆ. ಕೆಂಪು ಆಕ್ಸೈಡ್‌ಗೆ ಬರೀ ಬಿಳಿ ಸೇರಿಸಿದರೆ ಬರುವುದು ಗುಲಾಬಿ, ಹೆಂಚಲ್ಲ. ಗುಲಾಬಿಯ ಸುಳಿವು ಕಂಡರೆ ಬೇಕಾದದ್ದು ಹಳದಿ ಆಕ್ಸೈಡ್. ಆಕ್ಸೈಡ್ ಬಿಟ್ಟು ಹೊಳಪಿನ ಕಿತ್ತಳೆ ವರ್ಣದ್ರವ್ಯದಿಂದ ಶೇಡ್ ಮಾಡಿಸಿದರೆ ಪ್ಲಾಸ್ಟಿಕ್ ಕುರ್ಚಿಯ ಬಣ್ಣ ಬರುತ್ತದೆ. ತುಂಬಾ ತಿಳಿಯಾಯಿತೆಂದು ಕಪ್ಪನ್ನು ಸುರಿದರೆ ನೇರಳೆ ಬೆರೆತ ಕಂದು ಬರುತ್ತದೆ. ಗಾಢ ಮಾಡಬೇಕಾದಾಗ ಕಪ್ಪಿಗಿಂತ ಕಂದುಮಣ್ಣಿನ ವರ್ಣದ್ರವ್ಯ ಎಷ್ಟೋ ಸುರಕ್ಷಿತ.

ಶೇಡ್ ಕಾರ್ಡ್ ತೆರೆದಾಗ ಪಾಲಿಸಬೇಕಾದ ನಿಯಮ ಒಂದೇ. ನಿಮಗೆ ಇಷ್ಟವಾದ ಚೌಕವನ್ನು ಗುರುತಿಸಿ, ಅದಕ್ಕಿಂತ ಒಂದು ಮೆಟ್ಟಿಲು ಮಂಕಾಗಿರುವುದನ್ನು ಆರಿಸಿ. ಬೆಂಕಿಪೊಟ್ಟಣದಷ್ಟಿರುವ ಚೌಕದಲ್ಲಿ ಸಪ್ಪೆಯಾಗಿ ಕಂಡದ್ದು ಗೋಡೆಯಗಲ ಹರಡಿದಾಗ ಚುರುಕಾಗುತ್ತದೆ. ಒಂದು ಗೋಡೆಯಿಂದ ಪುಟಿದ ಬೆಳಕು ಎದುರಿನ ಗೋಡೆಗೆ, ಅಲ್ಲಿಂದ ಮತ್ತೆ ಇಲ್ಲಿಗೆ ಬರುತ್ತ, ಪ್ರತಿಸಲವೂ ಹಸಿರು ಮತ್ತು ನೀಲಿಯ ಅಂಶವನ್ನು ಕಳೆದುಕೊಂಡು ಇನ್ನಷ್ಟು ಕೆಂಪಾಗುವುದೇ ಇದಕ್ಕೆ ಕಾರಣ. ಕೋಣೆ ಚಿಕ್ಕದಾದಷ್ಟೂ ಈ ಪರಿಣಾಮ ಹೆಚ್ಚು.

ಹಂತ 2: ಬಣ್ಣಕ್ಕೆ ಮೊದಲು ದೀಪವನ್ನು ಸರಿಪಡಿಸಿ

ಅನೇಕರು ಕಡೆಗಣಿಸುವ ಹಂತವಿದು. ನಮ್ಮ ಮನೆಗಳಲ್ಲಿ ಅಭ್ಯಾಸಬಲದಿಂದ ಹಾಕುವ ಬೆಳ್ಳಗಿನ ಎಲ್‌ಇಡಿ ಟ್ಯೂಬು 6500 ಕೆಲ್ವಿನ್‌ನದು, ಅಂದರೆ ನೀಲಿಯ ಕಡೆಗೆ ವಾಲಿದ ಬೆಳಕು. ಹೆಂಚಿನ ಬಣ್ಣ ನೀಲಿಯನ್ನು ನುಂಗಿಬಿಡುತ್ತದೆ, ಕೆಂಪನ್ನು ಹಿಂದಿರುಗಿಸಬೇಕೆಂದರೆ ದೀಪದಲ್ಲಿ ಕೆಂಪು ಸಾಕಷ್ಟಿರುವುದಿಲ್ಲ. ಹಗಲು ಚೆಂದವಿದ್ದ ಗೋಡೆ ರಾತ್ರಿ ಮಣ್ಣುಪಾಲಾಗುವುದು ಹೀಗೆ. ಆದ್ದರಿಂದ ಆ ಕೋಣೆಯ ದೀಪಗಳನ್ನು 2700ರಿಂದ 3000 ಕೆಲ್ವಿನ್‌ನವುಗಳಿಗೆ ಬದಲಾಯಿಸಿ. ಹಳದಿ ಬೆಳಕು ಒಗ್ಗದವರು 4000ಕ್ಕೆ ನಿಲ್ಲಿ. ಅದಕ್ಕೂ ಮೇಲೆ ಹೋಗುವುದಾದರೆ ಈ ಬಣ್ಣದ ಆಸೆಯನ್ನೇ ಬಿಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಪೊಟ್ಟಣದ ಮೇಲೆ ಸಿಆರ್‌ಐ ಎಂಬ ಇನ್ನೊಂದು ಅಂಕಿಯಿರುತ್ತದೆ. ವಸ್ತುಗಳ ಬಣ್ಣವನ್ನು ದೀಪ ಎಷ್ಟು ನಿಷ್ಠೆಯಿಂದ ತೋರಿಸುತ್ತದೆ ಎಂಬುದರ ಅಳತೆ ಅದು, 100ಕ್ಕೆ ಹತ್ತಿರವಾದಷ್ಟೂ ಉತ್ತಮ. 80ರ ದೀಪ ಸಾಮಾನ್ಯ ಬಳಕೆಗೆ ಸಾಕು, ಹೆಂಚಿನ ಗೋಡೆಗೆ 90 ಅಥವಾ ಮೇಲಿನದು ಬೇಕು. ಈ ಅಂಕಿಯನ್ನು ಲೆಕ್ಕ ಹಾಕುವ 8 ಮಾದರಿ ಬಣ್ಣಗಳಲ್ಲಿ ಗಾಢ ಕೆಂಪು ಇಲ್ಲವೆಂಬುದೂ ನೆನಪಿನಲ್ಲಿರಲಿ. ಅದಕ್ಕೆ ಆರ್9 ಎಂಬ ಪ್ರತ್ಯೇಕ ಅಂಕಿಯಿದೆ, ಪೊಟ್ಟಣದ ಮೇಲೆ ಅದನ್ನು ಅಚ್ಚುಹಾಕಿದ್ದರೆ ಹೆಚ್ಚಿರುವುದನ್ನೇ ಆರಿಸಿ.

ಹಗಲಿನ ಬೆಳಕಿನ ವಿಷಯದಲ್ಲಿ ಪರದೇಶದ ಮಾರ್ಗದರ್ಶಿಗಳನ್ನು ಹಾಗೇ ನಂಬಬಾರದು. ಉತ್ತರದ ಕಿಟಕಿಯ ಕೋಣೆ ವರ್ಷವಿಡೀ ತಣ್ಣಗೆ, ಬಿಸಿಲಿಲ್ಲದೆ ಇರುತ್ತದೆ ಎಂಬ ಮಾತು ಯುರೋಪಿನ ಮಟ್ಟಿಗೆ ಬಹುತೇಕ ಸರಿ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಆದರೂ ನಮ್ಮಲ್ಲಿ ನಿಜವಾಗಿ ಜಾಗರೂಕರಾಗಿರಬೇಕಾದದ್ದು ಪಶ್ಚಿಮದ ಕಿಟಕಿಯ ಬಗ್ಗೆ. ಸಂಜೆಯ ಕೆಂಬಿಸಿಲು ಎದುರು ಗೋಡೆಗೆ ಬಿದ್ದರೆ ಯಾವ ಹೆಂಚಿನ ಬಣ್ಣವೂ ಎರಡು ತಾಸು ಕಿತ್ತಳೆಯಾಗಿ ಉರಿಯುತ್ತದೆ. ಅಂಥ ಗೋಡೆಗೆ ಒಂದಲ್ಲ, ಎರಡು ಮೆಟ್ಟಿಲು ಮಂಕಾದ ಶೇಡ್ ಬೇಕು.

ಮಲೆನಾಡು, ಕರಾವಳಿಯವರಿಗೆ ಇನ್ನೊಂದು ತೊಡಕಿದೆ. ಕಿಟಕಿಯಾಚೆ ಅಡಿಕೆ ತೋಟವೋ ಬಾಳೆಗಿಡಗಳೋ ಒತ್ತಾಗಿದ್ದರೆ ಒಳಗೆ ಬರುವ ಬೆಳಕೇ ಹಸಿರಾಗಿರುತ್ತದೆ, ಆ ಹಸಿರು ಬೆಳಕು ಕೆಂಪು ಗೋಡೆಯ ಮೇಲೆ ಬಿದ್ದಾಗ ಬಣ್ಣ ಕಂದಿಗೆ ಇಳಿಯುತ್ತದೆ. ಅಲ್ಲಿ ನಿಯಮ ತಿರುಗುಮುರುಗು: ಮಂಕಾದದ್ದನ್ನು ಆರಿಸದೆ ನಿಮಗೆ ಇಷ್ಟವಾದ ಚೌಕವನ್ನೇ ಆರಿಸಬಹುದು.

ಹಂತ 3: ಎಷ್ಟು ಗೋಡೆ, ಪಕ್ಕದಲ್ಲಿ ಏನು

ಅಷ್ಟು ಕಡಿಮೆ ಬೆಳಕನ್ನು ಹಿಂದಿರುಗಿಸುವ ಬಣ್ಣವನ್ನು ನಾಲ್ಕೂ ಗೋಡೆಗೆ ಹೊಡೆಸಿದರೆ ಹತ್ತಡಿ ಉದ್ದಗಲದ ಕೋಣೆ ಹಗಲಲ್ಲೂ ದೀಪ ಕೇಳುತ್ತದೆ. ಕಿಟಕಿಗೆ ಎದುರಾಗಿರುವ ಒಂದು ಗೋಡೆ ಸಾಮಾನ್ಯವಾಗಿ ಸಾಕು. ಕಿಟಕಿಯೇ ಇರುವ ಗೋಡೆಗೆ ಈ ಬಣ್ಣ ಹೊಡೆಸಬೇಡಿ. ಕಿಟಕಿಯ ಬೆಳಕಿಗೆ ಕಣ್ಣು ಕುಗ್ಗಿ, ಸುತ್ತಲಿನ ಗೋಡೆ ಕಪ್ಪಾಗಿ ಕಾಣುತ್ತದೆ.

ನೆಲದ ವಿಷಯಕ್ಕೆ ಬಂದರೆ, ಹಳೆಯ ಕೆಂಪು ಆಕ್ಸೈಡ್ ನೆಲವಿರುವ ಮನೆಯಲ್ಲಿ ಹೆಂಚಿನ ಗೋಡೆ ಹೊಂದುತ್ತದೆ ಎಂದೇ ಎಲ್ಲರ ಎಣಿಕೆ. ಆದರೆ ನೆಲ ಮತ್ತು ಗೋಡೆ ಒಂದೇ ಬಣ್ಣದವಾದರೆ ಎರಡೂ ಒಂದರೊಳಗೊಂದು ಕರಗಿ, ಕೋಣೆ ಗುಹೆಯಂತಾಗುತ್ತದೆ. ಅಂಥಲ್ಲಿ ಗೋಡೆ ನೆಲಕ್ಕಿಂತ ಎದ್ದು ಕಾಣುವಷ್ಟು ತಿಳಿಯಾಗಿರಬೇಕು, ಇಲ್ಲವೇ ನಡುವೆ ನಾಲ್ಕಿಂಚಿನ ಸ್ಕರ್ಟಿಂಗ್ ಬೇರೆ ಬಣ್ಣದ್ದಿರಬೇಕು. ಬೂದು ಅಥವಾ ನೀಲಿಛಾಯೆಯ ಬಿಳಿ ವಿಟ್ರಿಫೈಡ್ ಟೈಲ್ಸ್ ಇದ್ದರೆ ಗೋಡೆ ಇರುವುದಕ್ಕಿಂತ ಕೆಂಪಾಗಿ ಕಾಣುತ್ತದೆ, ಮಾದರಿ ನೋಡುವಾಗ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ತೇಗ, ಹಲಸಿನ ಮರದ ಬಾಗಿಲುಗಳು ಈ ಗೋಡೆಯ ಪಕ್ಕದಲ್ಲಿ ಚೆನ್ನಾಗಿ ಕೂರುತ್ತವೆ. ಕೆಂಪು ಪಾಲಿಶ್ ಹಾಕಿದ ರೋಸ್‌ವುಡ್ ಬಣ್ಣದ ಲ್ಯಾಮಿನೇಟ್ ಕೂರುವುದಿಲ್ಲ.

ಉಳಿದ ಗೋಡೆಗಳಿಗೆ ನೀಲಿಬಿಳುಪು ಬೇಡ. ಸುಣ್ಣದ ಬಿಳುಪು, ಅಂದರೆ ಹಳದಿಯ ಎಳೆಯಿರುವ ಬಿಳಿ ಇರಲಿ. ಹಸಿರಿನ ಯಾವ ವಸ್ತು ಹತ್ತಿರ ಬಂದರೂ ಮಣ್ಣಿನ ಕೆಂಪು ಜೋರಾಗುತ್ತದೆ. ಕುಂಡದ ಗಿಡವಾದರೆ ಸೊಗಸು, ಇಡೀ ಸೋಫಾ ಹಸಿರಾದರೆ ಕಣ್ಣಿಗೆ ದಣಿವು. ಮುಖ್ಯ ಬಣ್ಣ ನೂರಕ್ಕೆ 60 ಪಾಲು, ಎರಡನೆಯದು 30, ಎದ್ದು ಕಾಣಬೇಕಾದದ್ದು 10 ಎಂಬ 60-30-10ರ ಸೂತ್ರವನ್ನು ಅನೇಕರು ಹೇಳುತ್ತಾರೆ. ಟೇಪು ಹಿಡಿದು ಅಳೆಯುವಷ್ಟು ಅದರಲ್ಲಿ ಹುರುಳಿಲ್ಲ.

ಹಂತ 4: ಮಾದರಿ ಹಲಗೆ, ಒಂದು ಪೂರ್ತಿ ದಿನ

ನನ್ನ ಸ್ವಂತ ಮನೆಯ ಪಡಸಾಲೆಯಲ್ಲಿ ನಾನು ಈ ಹಂತವನ್ನು ಹಾರಿಸಿದ್ದೆ. ಅಂಗಡಿಯ ಕೌಂಟರಿನ ಮೇಲೆ ಚೌಕ ನೋಡಿ ಒಪ್ಪಿದೆ, ಮರುದಿನವೇ ಕೆಲಸ ಶುರುವಾಯಿತು. ಮೇಸ್ತ್ರಿ ಮೊದಲ ಕೋಟ್ ಮುಗಿಸುವಾಗ ಸಂಜೆ ನಾಲ್ಕೂವರೆ. ಪಶ್ಚಿಮದ ಬಿಸಿಲು ನೇರವಾಗಿ ಬಿದ್ದು, ಗೋಡೆ ಸಿಪ್ಪೆ ಸುಲಿಯದ ನಾಗಪುರ ಕಿತ್ತಳೆಯಂತಿತ್ತು. ‘ಒಣಗಿದ್ಮೇಲೆ ಡಾರ್ಕ್ ಆಗುತ್ತೆ ಸಾರ್, ಹೆದರ್ಬೇಡಿ’ ಎಂದರು ಅವರು. ಅವರು ಹೇಳಿದ್ದು ಸುಳ್ಳೇನಲ್ಲ, ರಾತ್ರಿ ಎಂಟಕ್ಕೆ ಗಾಢವೇ ಆಗಿತ್ತು. ಆದರೆ ಬೆಳ್ಳನೆಯ ಟ್ಯೂಬ್‌ಲೈಟಿನಡಿ ಅದು ಲೋಟದಲ್ಲಿ ಮರೆತಿಟ್ಟ ಹಳೆಯ ಚಹಾದ ಕಂದು. ತಲೆಯೆತ್ತಿ ನೋಡಿದರೆ ಗೋಡೆಗೆ ಅಂಟಿದ ಸೀಲಿಂಗಿನ ಅಂಚು ಒಂದಡಿಯಷ್ಟು ನಸುಗುಲಾಬಿ ಬಣ್ಣಕ್ಕೆ ತಿರುಗಿತ್ತು. ಬಣ್ಣ ಎಲ್ಲಿಯೂ ಹಾರಿರಲಿಲ್ಲ, ಗೋಡೆಯ ಬೆಳಕೇ ಅಲ್ಲಿ ಬಿದ್ದಿತ್ತು. ಒಂದೇ ದಿನದಲ್ಲಿ ಮೂರು ಬಣ್ಣ ಕಂಡ ಆ ಗೋಡೆಯನ್ನು ಮರುವಾರ ಪುನಃ ಹೊಡೆಸಬೇಕಾಯಿತು.

ಆದ್ದರಿಂದ, ಆರಿಸಿದ ಶೇಡ್‌ನ ಚಿಕ್ಕ ಡಬ್ಬವನ್ನು ಮಾತ್ರ ತಂದು, ಪ್ರೈಮರ್ ಹೊಡೆದ ಎರಡು ಹಲಗೆಗಳಿಗೂ ಅಂಚಿನವರೆಗೆ ಎರಡು ಕೋಟ್ ಹೊಡೆಯಿರಿ. ಸುತ್ತ ಬಿಳಿ ಅಂಚು ಬಿಡಬೇಡಿ. ಬಿಳಿಯ ಪಕ್ಕದಲ್ಲಿ ಯಾವ ಬಣ್ಣವೂ ಇದ್ದದ್ದಕ್ಕಿಂತ ಗಾಢವಾಗಿ ತೋರಿ ದಾರಿ ತಪ್ಪಿಸುತ್ತದೆ. ಪೂರ್ತಿ ಒಣಗಿದ ಮೇಲೆ ಎರಡು ಹಲಗೆಗಳನ್ನೂ ಕೋಣೆಯ ಮೂಲೆಯಲ್ಲಿ ಒಂದಕ್ಕೊಂದು ಲಂಬವಾಗಿ, ತೆರೆದ ಪುಸ್ತಕದ ಹಾಗೆ ನಿಲ್ಲಿಸಿ. ಎರಡರ ನಡುವಿನ ಸಂದಿಯಲ್ಲಿ ಕಾಣುವ ಬಣ್ಣವೇ ನಾಳೆ ನಿಮ್ಮ ಕೋಣೆಯ ನಿಜವಾದ ಬಣ್ಣ. ಬಯಲಿಗೆ ಮುಖ ಮಾಡಿದ ಭಾಗ ಅದಕ್ಕಿಂತ ತಿಳಿಯಾಗಿಯೇ ಕಾಣುತ್ತಿರುತ್ತದೆ.

ಬೆಳಗ್ಗೆ ಎಂಟು, ಮಧ್ಯಾಹ್ನ ಒಂದು, ಸಂಜೆ ಐದು, ದೀಪ ಹಚ್ಚಿದ ಮೇಲೆ ಎಂಟು: ಈ ನಾಲ್ಕು ಹೊತ್ತಿನಲ್ಲೂ ನೋಡಿ, ಪ್ರತಿಸಲ ಹೆಂಚಿನ ತುಂಡನ್ನು ಪಕ್ಕದಲ್ಲಿ ಹಿಡಿಯಿರಿ. ನಾಲ್ಕರಲ್ಲಿ ಮೂರು ಹೊತ್ತು ಹೊಂದಿದರೆ, ನಾಲ್ಕನೆಯ ಹೊತ್ತಿನಲ್ಲಿ ಅಸಹ್ಯವಾಗದಿದ್ದರೆ, ಆ ಶೇಡ್ ನಿಲ್ಲುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದು ಅಕ್ಕನಿಗೋ ಭಾವನಿಗೋ ಕಳಿಸಿ ಅಭಿಪ್ರಾಯ ಕೇಳಬೇಡಿ. ಮೊಬೈಲ್ ಕ್ಯಾಮೆರಾ ತನ್ನಷ್ಟಕ್ಕೆ ಬಿಳುಪನ್ನು ಸರಿಪಡಿಸುತ್ತ ಗೋಡೆಯ ಬೆಚ್ಚನೆಯ ಛಾಯೆಯನ್ನೇ ಅಳಿಸಿಬಿಡುತ್ತದೆ.

ಹಂತ 5: ಗೋಡೆಯ ಪರೀಕ್ಷೆ ಮತ್ತು ತಯಾರಿ

ಹೊಸ ಸಿಮೆಂಟ್ ಗಾರೆಯಾದರೆ ಕನಿಷ್ಠ 28 ದಿನ ಕಾಯಬೇಕು, ಮಳೆಗಾಲವಾದರೆ ಇನ್ನೂ ಹೆಚ್ಚು. ಗೋಡೆ ಒಣಗಿದೆಯೇ ಎಂದು ತಿಳಿಯಲು ಒಂದೂವರೆ ಅಡಿಯ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, 24 ಗಂಟೆಯ ನಂತರ ನೋಡಿ. ಹಾಳೆಯ ಒಳಮೈಯಲ್ಲಿ ಬೆವರಿನಂತೆ ನೀರಿನ ಹನಿ ಕೂತಿದ್ದರೆ ಬಣ್ಣಕ್ಕೆ ಇನ್ನೂ ಕಾಲ ಬಂದಿಲ್ಲ. ತೇವದ ಜೊತೆ ಗಾರೆಯಿಂದ ಹೊರಬರುವ, ಬಿಳಿ ಗೋಡೆಯಲ್ಲಿ ಯಾರ ಕಣ್ಣಿಗೂ ಬೀಳದ ಉಪ್ಪು ಹೆಂಚಿನ ಗೋಡೆಯಲ್ಲಿ ಬೂದಿ ಎರಚಿದಂತೆ ಏಳುವುದರಿಂದ ಈ ಪರೀಕ್ಷೆಯನ್ನು ಬಿಡುವಂತಿಲ್ಲ. ಉಪ್ಪು ಈಗಾಗಲೇ ಎದ್ದಿದ್ದರೆ ಒಣ ಬ್ರಷ್‌ನಿಂದ ಕೆರೆದು ತೆಗೆಯಿರಿ. ನೀರು ಹಾಕಿ ತೊಳೆದರೆ ಅದು ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ. ತೇವದ ಮೂಲ, ಅಂದರೆ ಸೋರುವ ಪೈಪೋ ಬಚ್ಚಲ ಗೋಡೆಯೋ ಯಾವುದೆಂದು ಪತ್ತೆಹಚ್ಚದೆ ಮುಂದಿನ ಹೆಜ್ಜೆ ಇಡಬೇಡಿ.

ಹಳೆಯ ಎಣ್ಣೆಬಣ್ಣದ ಮೇಲೆ ಕೆಲಸ ಮಾಡುವವರಿಗೆ ಒಂದು ಎಚ್ಚರಿಕೆ. ಮನೆಬಳಕೆಯ ಬಣ್ಣದಲ್ಲಿ ಸೀಸದ ಪ್ರಮಾಣ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ಮೀರಬಾರದೆಂಬ ನಿಯಮ ಭಾರತದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೆ ಹಿಂದಿನ ಬಣ್ಣವನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸಬಾರದು. ನೀರಿನಲ್ಲಿ ನೆನೆಸಿದ ಉಪ್ಪುಕಾಗದದಿಂದ ಉಜ್ಜಿ, ಮಕ್ಕಳನ್ನು ಆ ಕೋಣೆಯಿಂದ ದೂರವಿಡಬೇಕು.

ವಾಲ್ ಪುಟ್ಟಿಯನ್ನು ತೆಳುವಾಗಿ ಎರಡು ಸಲ, ಇಡೀ ಗೋಡೆಗೆ ಹಾಕಿ. ಬಿರುಕು ಕಂಡಲ್ಲಿ ಮಾತ್ರ ತೇಪೆ ಹಾಕಿದರೆ ಆ ತೇಪೆ ಬೇರೆ ಪ್ರಮಾಣದಲ್ಲಿ ಬಣ್ಣ ಹೀರಿ, ಎಷ್ಟು ಕೋಟ್ ಹೊಡೆದರೂ ನಕ್ಷೆಯಂತೆ ಕಾಣುತ್ತಿರುತ್ತದೆ. 120, ನಂತರ 220 ನಂಬರಿನ ಕಾಗದದಿಂದ ಉಜ್ಜಿದ ಮೇಲೆ ರಾತ್ರಿ ದೀಪ ಆರಿಸಿ, ಟಾರ್ಚನ್ನು ಗೋಡೆಗೆ ಒತ್ತಿಹಿಡಿದು ಬೆಳಕು ಬಿಡಿ. ಹಗಲಿನಲ್ಲಿ ಕಾಣದ ಅಲೆ, ಕರಣೆಯ ಗೆರೆ, ಗುಳಿ ಎಲ್ಲ ನೆರಳು ಚೆಲ್ಲಿ ತೋರಿಬರುತ್ತವೆ. ಪೆನ್ಸಿಲಿನಿಂದ ಗುರುತು ಮಾಡಿ ಸರಿಪಡಿಸಿ, ಧೂಳು ಒರೆಸಿ, ಆಮೇಲೆ ಪ್ರೈಮರ್. ಬಿಳಿ ಪ್ರೈಮರಿನ ಬದಲು ಅದೇ ಶೇಡ್‌ನ ಅರ್ಧ ಪ್ರಮಾಣದ ಬಣ್ಣ ಬೆರೆಸಿದ ಪ್ರೈಮರ್ ಮಾಡಿಕೊಡಲು ಅಂಗಡಿಯಲ್ಲಿ ಕೇಳಿ. ಮೂರನೆಯ ಕೋಟಿನ ಖರ್ಚು ಉಳಿಯುತ್ತದೆ, ಮುಂದೆ ಗೋಡೆ ಗೀಚಿದಾಗ ಬೆಳ್ಳಗಿನ ಗೆರೆಯೂ ಕಾಣುವುದಿಲ್ಲ.

ಹಂತ 6: ಬಣ್ಣ ತರುವುದು

ಲೆಕ್ಕ ಸರಳ. 14 ಅಡಿ ಉದ್ದ, 10 ಅಡಿ ಎತ್ತರದ ಗೋಡೆಯೆಂದರೆ 140 ಚದರ ಅಡಿ. ಪುಟ್ಟಿ ಹಾಕಿ ನುಣುಪಾಗಿಸಿದ ಗೋಡೆಯಲ್ಲಿ ಎರಡು ಕೋಟಿಗೆ ಲೀಟರಿಗೆ 55 ಚದರ ಅಡಿಯಂತೆ ಹಿಡಿದರೆ ಎರಡೂವರೆ ಲೀಟರಿಗೆ ತುಸು ಹೆಚ್ಚು ಬೇಕು. ಒಂದೊಂದು ಲೀಟರಿನ ಮೂರು ಡಬ್ಬಗಳ ಬದಲು ನಾಲ್ಕು ಲೀಟರಿನ ಒಂದನ್ನೇ ತನ್ನಿ. ಯಂತ್ರದಲ್ಲಿ ಕಲಸಿದ ಗಾಢ ಶೇಡ್ ಡಬ್ಬದಿಂದ ಡಬ್ಬಕ್ಕೆ ಕೂದಲೆಳೆಯಷ್ಟಾದರೂ ಬದಲಾಗುತ್ತದೆ, ಅರ್ಧ ಗೋಡೆಯಲ್ಲಿ ಬಣ್ಣ ಮುಗಿದು ಮರುದಿನ ಹೊಸದು ತಂದವರಿಗೆ ಆ ಕೂದಲೆಳೆಯೇ ಗೆರೆಯಾಗಿ ಕಾಣುತ್ತದೆ. ಒಂದಕ್ಕಿಂತ ಹೆಚ್ಚು ಡಬ್ಬ ಬೇಕೇಬೇಕಾದರೆ ಎಲ್ಲವನ್ನೂ ಒಂದೇ ಬಕೆಟ್ಟಿಗೆ ಸುರಿದು ಕಲಸಿಕೊಂಡೇ ಶುರುಮಾಡಿ.

ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ: ಈ ಶೇಡ್‌ಗೆ ಯಂತ್ರ ಯಾವ ಬಣ್ಣಗಳನ್ನು ಸೇರಿಸುತ್ತದೆ? ಪಟ್ಟಿಯಲ್ಲಿ ಕೆಂಪು ಆಕ್ಸೈಡ್, ಹಳದಿ ಆಕ್ಸೈಡ್ ಮುಖ್ಯವಾಗಿದ್ದರೆ ಸರಿ. ಕಬ್ಬಿಣದ ಆಕ್ಸೈಡ್‌ಗಳು ಬಿಸಿಲಿಗೂ ಸುಣ್ಣ, ಸಿಮೆಂಟಿನ ಕ್ಷಾರಕ್ಕೂ ಜಗ್ಗುವುದಿಲ್ಲ, ಅಗ್ಗದ ಹೊಳಪು ಕೆಂಪು, ಕಿತ್ತಳೆಗಳು ಜಗ್ಗುತ್ತವೆ. ಮೈಹೊಳಪಿನ ವಿಷಯದಲ್ಲಿ ಮ್ಯಾಟ್ ಬಿಟ್ಟು ಬೇರೆಯದನ್ನು ನಾನು ಒಪ್ಪಲಾರೆ. ಮಣ್ಣಿಗೆ ಹೊಳಪಿಲ್ಲ. ಕೈ ತಾಗುವಲ್ಲಿ ಮ್ಯಾಟ್ ಗೋಡೆ ಸವೆದು ಮಿರುಗುವುದು ನಿಜ; ಅಂಥ ಕಡೆ ಕುರ್ಚಿಯನ್ನೋ ಸ್ಟೂಲನ್ನೋ ಗೋಡೆಯಿಂದ ಒಂದು ಗೇಣು ದೂರವಿಟ್ಟುಕೊಳ್ಳಬೇಕು.

ಹಂತ 7: ಬಳಿಯುವ ಕ್ರಮ

ಮೊದಲು ಸೀಲಿಂಗ್, ಆಮೇಲೆ ಬಿಳಿ ಗೋಡೆಗಳು, ಕೊನೆಯಲ್ಲಿ ಹೆಂಚಿನ ಗೋಡೆ. ಅಂಚಿಗೆ ಟೇಪ್ ಅಂಟಿಸಿದ ಮೇಲೆ ನೇರವಾಗಿ ಗಾಢ ಬಣ್ಣ ಹಾಕದೆ, ಟೇಪಿನ ಅಂಚಿಗೆ ಸೀಲಿಂಗಿನ ಬಿಳಿಯನ್ನೇ ಒಮ್ಮೆ ಸವರಿ ಒಣಗಲು ಬಿಡಿ. ಟೇಪಿನ ಅಡಿಗೆ ಇಳಿಯುವುದೇನಿದ್ದರೂ ಬಿಳಿಯೇ ಇಳಿಯುತ್ತದೆ, ಗಾಢ ಬಣ್ಣ ಅದರ ಮೇಲೆ ನಿಂತು ದಾರ ಹಿಡಿದಂತೆ ನೇರ ಗೆರೆ ಬರುತ್ತದೆ.

ಫ್ಯಾನ್ ಆರಿಸಿ. ಬಿಸಿಲು ನೇರವಾಗಿ ಬೀಳುವ ಹೊತ್ತನ್ನು ತಪ್ಪಿಸಿ. ಡಬ್ಬದ ಮೇಲೆ ಬರೆದಷ್ಟೇ ನೀರನ್ನು ಅಳತೆಯ ಲೋಟದಲ್ಲಿ ಹಾಕಿ. ಕಣ್ಣಂದಾಜಿನಲ್ಲಿ ಸುರಿದರೆ ಒಂದೊಂದು ಪಾಲಿಗೂ ಬಣ್ಣ ಒಂದೊಂದು ಬಗೆಯಾಗುತ್ತದೆ. ಒಬ್ಬರು ಬ್ರಷ್‌ನಿಂದ ಅಂಚಿಗೆ ಬಣ್ಣ ಹಚ್ಚುತ್ತಿದ್ದಂತೆ ಅದು ಆರುವ ಮೊದಲೇ ಇನ್ನೊಬ್ಬರು ರೋಲರ್ ಓಡಿಸಬೇಕು. ಒಂದು ಮೂಲೆಯಿಂದ ಹೊರಟರೆ ಇನ್ನೊಂದು ಮೂಲೆ ಮುಟ್ಟುವವರೆಗೆ ನಿಲ್ಲುವಂತಿಲ್ಲ. ನಡುಗೋಡೆಯಲ್ಲಿ ಕಾಫಿಗೆ ಎದ್ದು ಹೋದರೆ, ಆರಿದ ಅಂಚಿನ ಮೇಲೆ ಮತ್ತೆ ಬಣ್ಣ ಬಿದ್ದು ಪಟ್ಟೆ ಮೂಡುತ್ತದೆ. ಪ್ರತಿ ಪಟ್ಟಿಯ ಕೊನೆಯ ಎಳೆತ ಮೇಲಿನಿಂದ ಕೆಳಕ್ಕೆ, ಯಾವಾಗಲೂ ಒಂದೇ ದಿಕ್ಕಿಗೆ ಇರಲಿ.

ಮೊದಲ ಕೋಟ್ ನೋಡಿ ಗಾಬರಿಯಾಗಬೇಡಿ, ತೇಪೆತೇಪೆಯಾಗಿಯೇ ಇರುತ್ತದೆ. ಡಬ್ಬದ ಮೇಲೆ ಹೇಳಿದ ಅಂತರ, ಸಾಮಾನ್ಯವಾಗಿ ನಾಲ್ಕರಿಂದ ಆರು ಗಂಟೆ, ಬಿಟ್ಟು ಎರಡನೆಯದನ್ನು ಹೊಡೆಯಿರಿ. ಕೊನೆಯ ಕೋಟ್ ಇನ್ನೂ ತುಸು ಹಸಿಯಾಗಿರುವಾಗಲೇ ಟೇಪನ್ನು ಓರೆಯಾಗಿ ಎಳೆದು ತೆಗೆಯಿರಿ. ಪೂರ್ತಿ ಒಣಗಿದ ಮೇಲೆ ತೆಗೆದರೆ ಬಣ್ಣದ ಪೊರೆಯೂ ಕಿತ್ತುಬರುತ್ತದೆ.

ಹಂತ 8: ಸುಣ್ಣ ಮತ್ತು ಕೆಮ್ಮಣ್ಣಿನ ದಾರಿ ಹಿಡಿಯುವವರಿಗೆ

ಎಮಲ್ಷನ್ (ಇದುವರೆಗೆ ಹೇಳಿದ, ನೀರು ಬೆರೆಸುವ ಡಬ್ಬದ ಬಣ್ಣ) ಬೇಡ, ಸುಣ್ಣಕ್ಕೆ ಕೆಮ್ಮಣ್ಣು ಅಥವಾ ಆಕ್ಸೈಡ್ ಪುಡಿ ಬೆರೆಸಿ ಬಳಿಯುತ್ತೇವೆ ಎನ್ನುವವರು ಮೊದಲು ಗೋಡೆ ನೋಡಬೇಕು. ಗಾರೆ, ಕಲ್ಲು, ಮಣ್ಣು, ಹಳೆಯ ಸುಣ್ಣ ಇವುಗಳ ಮೇಲೆ ಮಾತ್ರ ಸುಣ್ಣ ಹಿಡಿಯುತ್ತದೆ. ವಾಲ್ ಪುಟ್ಟಿ ಹಾಕಿದ ಅಥವಾ ಎಮಲ್ಷನ್ ಹೊಡೆದ ಗೋಡೆಯ ಮೇಲೆ ಬಳಿದರೆ ಕೆಲವೇ ತಿಂಗಳಲ್ಲಿ ಹುಡಿಯಾಗಿ ಉದುರುತ್ತದೆ. ಸುಣ್ಣದ ಬಗ್ಗೆ ಬರುವ ದೂರುಗಳಲ್ಲಿ ಹೆಚ್ಚಿನವು ಇದೇ.

ಅಂಗಡಿಯಲ್ಲಿ ‘ರೆಡ್ ಆಕ್ಸೈಡ್’ ಎಂದಷ್ಟೇ ಕೇಳಿದರೆ ಕಬ್ಬಿಣದ ಗ್ರಿಲ್ಲಿಗೆ ಹೊಡೆಯುವ ಎಣ್ಣೆಯ ಪ್ರೈಮರನ್ನು ಕೈಗಿಡುತ್ತಾರೆ. ‘ನೆಲಕ್ಕೆ, ಸುಣ್ಣಕ್ಕೆ ಹಾಕುವ ಪುಡಿ’ ಎಂದು ಬಿಡಿಸಿ ಹೇಳಿ. ತಂದ ಪುಡಿಯ ಒಂದು ಚಿಟಿಕೆಯನ್ನು ಸುಣ್ಣದ ತಿಳಿಯಲ್ಲಿ ಒಂದು ದಿನ ಬಿಟ್ಟು ನೋಡಿ. ಬಣ್ಣ ಬದಲಾದರೆ ಅದು ಆಕ್ಸೈಡ್ ಅಲ್ಲ, ಹಿಂದಿರುಗಿಸಿ.

ಪುಡಿಯ ತೂಕ ಸುಣ್ಣದ ತೂಕದಲ್ಲಿ ನೂರಕ್ಕೆ 10 ಪಾಲನ್ನು ಮೀರಬಾರದು; ಮೀರಿದರೆ ಕಟ್ಟುವ ಶಕ್ತಿ ಸಾಲದೆ ಕೈಗೆ, ಬಟ್ಟೆಗೆ ಬಣ್ಣ ಅಂಟುತ್ತದೆ. ನಾನು ಶುರುಮಾಡುವುದು 6 ಪಾಲಿನಿಂದ, ಅದರಲ್ಲಿ 4 ಪಾಲು ಕೆಂಪು, 2 ಪಾಲು ಹಳದಿ. ಪುಡಿಯನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಹಾಕಿ, ತೆಳುಬಟ್ಟೆಯಲ್ಲಿ ಸೋಸಿ, ಹಾಲಿನ ಹದಕ್ಕೆ ಬಂದ ಸುಣ್ಣಕ್ಕೆ ಬೆರೆಸಬೇಕು. ಒಣ ಪುಡಿಯನ್ನೇ ಉದುರಿಸಿದರೆ ಬ್ರಷ್ ಎಳೆದಲ್ಲೆಲ್ಲ ಕೆಂಪು ಗೆರೆ. ಗೋಡೆಗೆ ನೀರು ಚಿಮುಕಿಸಿ, ನೀರಿನ ಹೊಳಪು ಆರಿದ ಕೂಡಲೇ ತೆಳುವಾಗಿ ಬಳಿಯಿರಿ. ಒಂದೊಂದು ದಿನದ ಅಂತರದಲ್ಲಿ ಮೂರು ಕೋಟ್.

ಇಲ್ಲಿ ಎಮಲ್ಷನ್ನಿನ ನಿಯಮ ಪೂರ್ತಿ ತಲೆಕೆಳಗಾಗುತ್ತದೆ. ಎಮಲ್ಷನ್ ಹಸಿಯಿದ್ದಾಗ ತಿಳಿ, ಒಣಗಿದಾಗ ತುಸು ಗಾಢ; ಸುಣ್ಣ ಹಸಿಯಿದ್ದಾಗ ಗಾಢ, ಒಣಗಿದಾಗ ಬಹಳ ತಿಳಿ. ಬಕೆಟ್ಟಿನಲ್ಲಿ ಕಾಣುವ ಬಣ್ಣವನ್ನು ನಂಬಿ ಪುಡಿ ಕಡಿಮೆ ಮಾಡಿದವರ ಗೋಡೆ ಕೊನೆಗೆ ನಸುಗುಲಾಬಿಯಾಗುತ್ತದೆ. ಮಾದರಿ ಬಳಿದು ಮೂರು ದಿನವಾದರೂ ಕಾಯಿರಿ. ಸುಣ್ಣ ಕಣ್ಣಿಗೆ ಸಿಡಿದರೆ ಕೂಡಲೇ ಧಾರಾಳ ನೀರಿನಿಂದ ತೊಳೆಯುತ್ತಲೇ ಇದ್ದು ವೈದ್ಯರ ಬಳಿ ಹೋಗಬೇಕು, ಉಜ್ಜಬಾರದು.

ಹಂತ 9: ಹೊರಗೋಡೆಯಾದರೆ

ಮಳೆ ನಿಂತು ಗೋಡೆ ಆರಿದ ಮೇಲೆ, ಅಂದರೆ ಸಾಮಾನ್ಯವಾಗಿ ನವೆಂಬರ್‌ನಿಂದ ಫೆಬ್ರವರಿಯೊಳಗೆ ಹೊರಗಿನ ಕೆಲಸ ಮುಗಿಸಿ. ಹೆಂಚಿನ ಮಾಡು ಇರುವ ಮನೆಯ ಗೋಡೆಗೂ ಅದೇ ಬಣ್ಣ ಹೊಡೆಸುವ ಆಸೆ ಅನೇಕರಿಗೆ. ಹಾಗೆ ಮಾಡಿದರೆ ನಾಲ್ಕು ಮಳೆಗಾಲದಲ್ಲಿ ಹೆಂಚಿಗೆ ಪಾಚಿ ಹಿಡಿದು ಕಪ್ಪಾಗುತ್ತದೆ, ಗೋಡೆ ಮಾತ್ರ ಹೊಸದಾಗಿಯೇ ಉಳಿದು ಎರಡೂ ಒಂದಕ್ಕೊಂದು ಬೇರೆಯಾಗಿ ಕಾಣುತ್ತವೆ. ಹಳ್ಳಿಯ ಮನೆಗಳಲ್ಲಿ ಮೇಲೆ ಸುಣ್ಣ, ನೆಲದಿಂದ ಎರಡು ಮೂರು ಅಡಿ ಮಾತ್ರ ಕೆಮ್ಮಣ್ಣಿನ ಪಟ್ಟಿ ಇರುತ್ತದಲ್ಲ, ಅದಕ್ಕಿಂತ ಬುದ್ಧಿವಂತ ವಿನ್ಯಾಸ ನನಗೆ ಗೊತ್ತಿಲ್ಲ: ಮಳೆಹನಿ ನೆಲಕ್ಕೆ ಬಡಿದು ಹಾರುವ ಕೆಸರು ಆ ಪಟ್ಟಿಯಲ್ಲೇ ಅಡಗುತ್ತದೆ. ಇಡೀ ಪಶ್ಚಿಮದ ಗೋಡೆಗೆ ಗಾಢ ಹೆಂಚಿನ ಬಣ್ಣ ಹೊಡೆಸಿದರೆ ಅದು ಬಿಳಿ ಗೋಡೆಗಿಂತ ಹೆಚ್ಚು ಬಿಸಿಲನ್ನು ಹೀರಿ ಒಳಕೋಣೆಯನ್ನೂ ಕಾಯಿಸುತ್ತದೆ ಎಂಬುದನ್ನು ಮರೆಯಬೇಡಿ.

ಎಚ್ಚರಿಕೆಯ ಲಕ್ಷಣಗಳು ಮತ್ತು ಪರಿಹಾರ

ಗೋಡೆ ಹಗಲಲ್ಲೂ ರಾತ್ರಿಯಲ್ಲೂ ಗುಲಾಬಿಯಾಗಿದ್ದರೆ ತಪ್ಪು ಶೇಡ್‌ನದು. ಉಳಿದ ಬಣ್ಣವನ್ನು ಅಂಗಡಿಗೆ ಒಯ್ದು ಹಳದಿ ಆಕ್ಸೈಡ್ ಸೇರಿಸಿಸಿ, ಹಲಗೆಯ ಮೇಲೆ ನೋಡಿ, ಮತ್ತೊಂದು ಕೋಟ್ ಹೊಡೆಯಿರಿ. ರಾತ್ರಿ ಮಾತ್ರ ಕೆಟ್ಟರೆ ಗೋಡೆ ಮುಟ್ಟಬೇಡಿ, ದೀಪ ಬದಲಾಯಿಸಿ. ಸಂಜೆ ಮಾತ್ರ ಕಿತ್ತಳೆಯಾದರೆ ಕಿಟಕಿಗೆ ಬಿಳಿಯ ತೆಳು ಹತ್ತಿಪರದೆ ಹಾಕಿ ಒಂದು ವಾರ ನೋಡಿ. ಎಷ್ಟೋ ಮನೆಗಳಲ್ಲಿ ಅಷ್ಟಕ್ಕೇ ಸರಿಹೋಗುತ್ತದೆ.

ಬಿಳಿಯ ಬೂದಿಯಂಥ ಕಲೆ ಎದ್ದರೆ ಅದು ಉಪ್ಪು, ಐದನೆಯ ಹಂತಕ್ಕೆ ಹಿಂದಿರುಗದೆ ಉಪಾಯವಿಲ್ಲ. ಗುಳ್ಳೆ ಎದ್ದರೆ ಒಳಗೆ ತೇವವಿದೆ. ಗುಳ್ಳೆ ಒಡೆದು ಮೇಲೆ ಬಣ್ಣ ಸವರುವುದು ಹಣ ಪೋಲು ಮಾಡುವ ಕೆಲಸ. ಓರೆಯಿಂದ ನೋಡಿದಾಗ ಮಾತ್ರ ಪಟ್ಟೆ ಕಂಡರೆ ಅದು ರೋಲರಿನ ತಪ್ಪು, 220 ನಂಬರಿನ ಕಾಗದದಿಂದ ಹಗುರವಾಗಿ ಉಜ್ಜಿ ಇಡೀ ಗೋಡೆಗೆ ಒಂದು ಕೋಟ್ ಕೊಟ್ಟರೆ ಹೋಗುತ್ತದೆ.

ಉಳಿದ ಬಣ್ಣವನ್ನು ಚಿಕ್ಕ ಡಬ್ಬಕ್ಕೆ ಕಂಠದವರೆಗೆ ತುಂಬಿ, ಶೇಡ್ ನಂಬರು, ಬ್ಯಾಚ್ ನಂಬರು, ತಾರೀಕು, ಗೋಡೆಯ ಹೆಸರು ಬರೆದು ನೆರಳಿನಲ್ಲಿಡಿ. ವರ್ಷದ ಮೇಲೆ ಮೊಳೆಯ ತೂತು ಮುಚ್ಚಿ ಅಷ್ಟಕ್ಕೇ ಬಣ್ಣ ಹಚ್ಚಿದರೆ ಅದೇ ಡಬ್ಬದ ಬಣ್ಣವಾದರೂ ಚುಕ್ಕೆ ಎದ್ದು ಕಾಣುತ್ತದೆ. ಚುಕ್ಕೆಯ ಸುತ್ತ ತೇಪೆ ಹಾಕದೆ, ಈ ಮೂಲೆಯಿಂದ ಆ ಮೂಲೆಯವರೆಗೆ ಇಡೀ ಗೋಡೆಗೆ ಒಂದು ತೆಳು ಕೋಟ್ ಕೊಡಿ.